ದೊಡ್ಡದಾಗಿ ನೋಡುವುದು ಬೇರೆ, ದೊಡ್ಡದು ಮಾಡುವುದು ಬೇರೆ



ನಮ್ಮ ಒಂದು ಸ್ವಸಹಾಯ ಸಂಘದವರು ಮಾವಿನ ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ರುಚಿಯ ಬಗ್ಗೆ ಎರಡು ಮಾತಿಲ್ಲ. ಬಾಟಲಿಗೆ ಅಂಟಿಸುವ ಲೇಬಲ್ಲನ್ನು ಹೊರಗೆ ಕೊಟ್ಟು ಮಾಡಿಸುವ ಬದಲು ನಾವೇ ಮಾಡೋಣ ಅಂತ ತೀರ್ಮಾನಿಸಿದರು. ಕಂಪ್ಯೂಟರ್ ತರಬೇತಿ ಪಡೆದ ಸಂಘದ ಹುಡುಗಿಯೊಬ್ಬಳು ಎರಡು ದಿನ ಕೂತು ಲೇಬಲ್ ತಯಾರಿಸಿದಳು. ಪರದೆಯ ಮೇಲೆ ಇಡೀ ಲೇಬಲ್ ಒಂದೇ ನೋಟಕ್ಕೆ ಕಾಣುತ್ತಿತ್ತು. ಐದಾರು ಜನ ಸುತ್ತ ನಿಂತು ನೋಡಿದರು. ನಾನೂ ನೋಡಿದೆ. "ಚೆನ್ನಾಗಿ ಬಂದಿದೆ, ಪ್ರಿಂಟಿಗೆ ಕೊಡಿ" ಅಂದೆ.

ಸಾವಿರ ಸ್ಟಿಕ್ಕರ್ ಮುದ್ರಣವಾಗಿ ಬಂದವು. ಬಾಟಲಿಗೆ ಅಂಟಿಸಲು ಕೂತಾಗ ಹಿರಿಯ ಸದಸ್ಯೆಯೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಸಿಸ್ಟರ್, ಎಫ್‌ಎಸ್‌ಎಸ್‌ಎಐ ನಂಬರಿನಲ್ಲಿ 14 ಅಂಕಿ ಇರಬೇಕಲ್ವಾ? ಇಲ್ಲಿ 13 ಇದೆ." ಎಣಿಸಿ ನೋಡಿದೆವು. ಅವರು ಹೇಳಿದ್ದು ಸರಿ. ನಡುವೆ ಒಂದು ಸೊನ್ನೆ ಬಿಟ್ಟುಹೋಗಿತ್ತು. ಸಾವಿರ ಸ್ಟಿಕ್ಕರೂ ದಂಡ. ವಾರ ವಾರ ಕೂಡಿಸಿದ ಉಳಿತಾಯದ ಹಣ ಅದು.

ಆ ಹುಡುಗಿ ಅಳುತ್ತಾ ಕೂತಳು. ನಾನು ಕೇಳಿದೆ, "ಒಂದ್ಸಲ ದೊಡ್ಡದು ಮಾಡಿ ನೋಡಲಿಲ್ವಾ ಮಗಾ?" ಅವಳು ಹೇಳಿದ ಉತ್ತರ ಈಗಲೂ ನನ್ನ ಮನಸ್ಸಿನಲ್ಲಿದೆ. "ದೊಡ್ಡದು ಮಾಡಿದ್ರೆ ಲೇಬಲ್ ಸೈಜ್ ಕೆಟ್ಟೋಗುತ್ತೆ ಅಂತ ಹೆದರಿಕೆ ಆಯ್ತು ಸಿಸ್ಟರ್."

ತಪ್ಪು ಅವಳದಲ್ಲ. ದೊಡ್ಡದಾಗಿ ನೋಡುವುದಕ್ಕೂ ದೊಡ್ಡದು ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ನಾವು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಇವತ್ತು ಅದನ್ನೇ ನಿಮಗೆಲ್ಲ ಹೇಳಬೇಕು ಅಂತ ಬರೆಯುತ್ತಿದ್ದೇನೆ. ಕಂಪ್ಯೂಟರ್ ಮುಟ್ಟದವರೂ ಓದಿ. ನಾಳೆ ನಿಮ್ಮ ಮಗಳೋ ಸೊಸೆಯೋ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು "ಅದನ್ನು ಸ್ವಲ್ಪ ದೊಡ್ಡದಾಗಿ ತೋರಿಸು" ಅಂತ ಕೇಳುವ ಧೈರ್ಯ ನಿಮಗೆ ಬರಬೇಕು.

ಚಿತ್ರ ಎಂದರೆ ಚೌಕಗಳ ಲೆಕ್ಕ

ನಮ್ಮಲ್ಲಿ ಅನೇಕರು ಕ್ರಾಸ್ ಸ್ಟಿಚ್ ಕಸೂತಿ ಹಾಕುತ್ತೀರಿ. ದೂರದಿಂದ ನೋಡಿದರೆ ಅದು ಗುಲಾಬಿ ಹೂವು. ಹತ್ತಿರ ಹಿಡಿದರೆ ಒಂದೊಂದೇ ಚೌಕದ ಹೊಲಿಗೆ. ಕಂಪ್ಯೂಟರಿನ ಫೋಟೋ ಕೂಡ ಹಾಗೆಯೇ. ಸಾವಿರಾರು ಪುಟ್ಟ ಚೌಕಗಳನ್ನು ಸಾಲಾಗಿ ಜೋಡಿಸಿ ಚಿತ್ರ ಆಗಿರುತ್ತದೆ. ಒಂದೊಂದು ಚೌಕಕ್ಕೂ ಒಂದೇ ಒಂದು ಬಣ್ಣ. ಈ ಚೌಕಕ್ಕೆ ಪಿಕ್ಸೆಲ್ ಅನ್ನುತ್ತಾರೆ. ಫೋಟೋ ಎಷ್ಟು ದೊಡ್ಡದು ಅಂತ ಕೇಳಿದರೆ ಅಗಲಕ್ಕೆ ಇಷ್ಟು ಪಿಕ್ಸೆಲ್, ಎತ್ತರಕ್ಕೆ ಇಷ್ಟು ಪಿಕ್ಸೆಲ್ ಅಂತ ಲೆಕ್ಕ ಹೇಳುತ್ತಾರೆ. 12 ಮೆಗಾಪಿಕ್ಸೆಲ್ ಫೋಟೋ ಅಂದರೆ ಸುಮಾರು 4,000 ಅಗಲ, 3,000 ಎತ್ತರ. ಗುಣಿಸಿದರೆ 1 ಕೋಟಿ 20 ಲಕ್ಷ ಚೌಕ ಆಯಿತು.

ಈಗ ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಿ ನೋಡೋಣ.

ಮೊದಲನೆಯದು ನೋಡುವುದು. ಅಕ್ಕಿಯನ್ನು ಮೊರದಲ್ಲಿ ಹಾಕಿ ಕಲ್ಲು ಆರಿಸುವಾಗ ಕಣ್ಣಿನ ಹತ್ತಿರ ತಂದು ನೋಡುತ್ತೀರಿ. ಭೂತಗನ್ನಡಿ ಇಟ್ಟರೆ ಅಕ್ಕಿಕಾಳು ಅವರೆಕಾಳಿನಷ್ಟು ಕಾಣುತ್ತದೆ. ಗನ್ನಡಿ ತೆಗೆದರೆ ಅಕ್ಕಿ ಅಷ್ಟೇ ಇರುತ್ತದೆ. ಕಂಪ್ಯೂಟರಿನಲ್ಲಿ ಇದಕ್ಕೆ ಜೂಮ್ ಅನ್ನುತ್ತಾರೆ. ಮೊಬೈಲಿನಲ್ಲಿ ಎರಡು ಬೆರಳು ಅಗಲಿಸಿ ಮೊಮ್ಮಗುವಿನ ಮುಖ ನೋಡುತ್ತೀರಲ್ಲ, ಅದೇ ಇದು. ಹಾಗೆ ನೋಡಿದ್ದಕ್ಕೆ ಫೋಟೋ ಕೆಟ್ಟದ್ದುಂಟೇ?

ಎರಡನೆಯದು ಮಾಡುವುದು, ಅಂದರೆ ಚೌಕಗಳ ಲೆಕ್ಕವನ್ನೇ ಬದಲಿಸುವುದು. ನಾಲ್ಕು ಜನರ ಸಾರಿಗೆ ನೀರು ಸುರಿದು ಎಂಟು ಜನಕ್ಕೆ ಬಡಿಸಿದ ಹಾಗೆ. ಅಳತೆ ಹೆಚ್ಚುತ್ತದೆ, ಬೇಳೆ ಹೆಚ್ಚುವುದಿಲ್ಲ. ಚಿತ್ರ ದೊಡ್ಡದಾಗುತ್ತದೆ, ಮಬ್ಬಾಗುತ್ತದೆ. ಚಿಕ್ಕದು ಮಾಡಿದರೆ ಚೌಕಗಳು ಕಳೆದುಹೋಗುತ್ತವೆ. ಕಂಪ್ಯೂಟರಿನಲ್ಲಿ ಇದಕ್ಕೆ ಸ್ಕೇಲ್ ಅಥವಾ ರೀಸೈಜ್ ಅನ್ನುತ್ತಾರೆ.

ಭೂತಗನ್ನಡಿ ಹಿಡಿಯಲು ಹೆದರಬೇಡಿ. ನೀರು ಸುರಿಯುವ ಮೊದಲು ಮಾತ್ರ ಎರಡು ಸಲ ಯೋಚಿಸಿ.

ಗಿಂಪ್‌ನಲ್ಲಿ ಹತ್ತಿರದಿಂದ ನೋಡುವ ಬಗೆ

ಫೋಟೋ ತಿದ್ದಲು ಹಲವು ತಂತ್ರಾಂಶಗಳಿವೆ. ಫೋಟೋಶಾಪ್ ಹೆಸರು ಕೇಳಿರುತ್ತೀರಿ, ಅದಕ್ಕೆ ಹಣ ಕೊಡಬೇಕು. ಗಿಂಪ್ ಉಚಿತ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಅದನ್ನು ಶುರುಮಾಡಿದರು. 1996ರಲ್ಲಿ ಎಲ್ಲರ ಬಳಕೆಗೆ ಬಂತು. ಅಂದಿನಿಂದ ಬೇರೆ ಬೇರೆ ದೇಶಗಳ ಜನರು ಸೇರಿ ಅದನ್ನು ಬೆಳೆಸುತ್ತಾ ಬಂದಿದ್ದಾರೆ. ನಮ್ಮ ಸಂಘಗಳ ಹಾಗೆ, ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಹಾಕಿ ಎಲ್ಲರಿಗೂ ಉಪಯೋಗ ಆಗುವ ಕೆಲಸ. ಹಾಗಾಗಿ ಗಿಂಪ್ ಇಟ್ಟುಕೊಂಡೇ ಹೇಳುತ್ತೇನೆ.

ಫೋಟೋ ತೆರೆದ ಮೇಲೆ ಕಿಟಕಿಯ ಕೆಳ ಅಂಚನ್ನು ನೋಡಿ. ಅಲ್ಲಿ ಶೇಕಡಾ ಎಷ್ಟು ಅಂತ ಒಂದು ಸಂಖ್ಯೆ ಇರುತ್ತದೆ. ನೀವು ಎಷ್ಟು ಹತ್ತಿರದಿಂದ ನೋಡುತ್ತಿದ್ದೀರಿ ಅನ್ನುವುದನ್ನು ಅದು ಹೇಳುತ್ತದೆ.

1. ಕೀಬೋರ್ಡಿನ ಪ್ಲಸ್ ಕೀಲಿ ಒತ್ತಿದರೆ ಚಿತ್ರ ಹತ್ತಿರ ಬರುತ್ತದೆ. ಮೈನಸ್ ಒತ್ತಿದರೆ ದೂರ ಹೋಗುತ್ತದೆ. ಬಲಗಡೆ ಅಂಕಿಗಳ ಪಟ್ಟಿ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪ್ಲಸ್‌ಗಾಗಿ ಶಿಫ್ಟ್ ಕೀಲಿಯನ್ನೂ ಜೊತೆಗೆ ಹಿಡಿಯಬೇಕು.

2. ಕೆಳಸಾಲಿನ ಎಡಗಡೆ ಇರುವ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಮೌಸಿನ ನಡುವಿನ ಚಕ್ರ ತಿರುಗಿಸಿ. ಮುಂದಕ್ಕೆ ತಿರುಗಿಸಿದರೆ ದೊಡ್ಡದು, ಹಿಂದಕ್ಕೆ ತಿರುಗಿಸಿದರೆ ಚಿಕ್ಕದು. ಕಲಿಯುವವರಿಗೆ ಇದೇ ಸುಲಭ.

3. ಝೆಡ್ ಅಕ್ಷರ ಒತ್ತಿದರೆ ಭೂತಗನ್ನಡಿ ಕೈಗೆ ಬರುತ್ತದೆ. ಚಿತ್ರದ ಮೇಲೆ ಎಲ್ಲಿ ಕ್ಲಿಕ್ ಮಾಡಿದರೂ ಆ ಜಾಗ ಹತ್ತಿರವಾಗುತ್ತದೆ. ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ದೂರವಾಗುತ್ತದೆ. ಲೇಬಲ್ಲಿನ ನಂಬರ್ ಒಂದನ್ನೇ ನೋಡಬೇಕಾದರೆ ಅದರ ಸುತ್ತ ಮೌಸಿನಿಂದ ಚೌಕ ಎಳೆಯಿರಿ, ಅಷ್ಟು ಭಾಗ ಮಾತ್ರ ಪರದೆ ತುಂಬ ಬರುತ್ತದೆ.

4. 1 ಎಂಬ ಅಂಕಿ ಒತ್ತಿದರೆ ಚಿತ್ರ ಶೇ. 100ಕ್ಕೆ ಬರುತ್ತದೆ. 2 ಒತ್ತಿದರೆ ಶೇ. 200, 3 ಒತ್ತಿದರೆ ಶೇ. 400, 4 ಒತ್ತಿದರೆ ಶೇ. 800.

5. ಇಡೀ ಚಿತ್ರ ಮತ್ತೆ ಒಂದೇ ಪರದೆಯಲ್ಲಿ ಬೇಕಾದರೆ ಶಿಫ್ಟ್ ಮತ್ತು ಕಂಟ್ರೋಲ್ ಎರಡನ್ನೂ ಹಿಡಿದು ಜೆ ಅಕ್ಷರ ಒತ್ತಿ. ಎಲ್ಲಿ ಹೋದೆನೋ ಗೊತ್ತಾಗುತ್ತಿಲ್ಲ ಅನ್ನಿಸಿದಾಗ ಇದೊಂದು ನೆನಪಿದ್ದರೆ ಸಾಕು, ಮನೆಗೆ ವಾಪಸ್ ಬಂದ ಹಾಗೆ.

ಕೀಲಿಗಳು ಮರೆತುಹೋದರೆ ಗಾಬರಿ ಬೇಡ. ಮೇಲ್ಗಡೆ ಇರುವ ವ್ಯೂ ಎಂಬ ಪಟ್ಟಿಯನ್ನು ತೆರೆದು ಅದರೊಳಗಿನ ಜೂಮ್ ಮೇಲೆ ಹೋದರೆ ಇವೆಲ್ಲ ಅಲ್ಲೇ ಇವೆ.

"ಸಿಸ್ಟರ್, ಅರ್ಧ ಫೋಟೋ ಕಟ್ ಆಗೋಯ್ತು!"

ಹೊಸಬರು ಹೆಚ್ಚಾಗಿ ಕೂಗುವುದು ಇಲ್ಲಿಯೇ. ಕಟ್ ಆಗಿಲ್ಲ. ಕಿಟಕಿಯ ಹತ್ತಿರ ನಿಂತು ಅಂಗಳ ನೋಡಿದರೆ ಪೂರ್ತಿ ತೋಟ ಕಾಣುವುದಿಲ್ಲ, ಹಾಗಂತ ತೋಟ ಎಲ್ಲಿಗೂ ಹೋಗಿರುವುದಿಲ್ಲ. ಲ್ಯಾಪ್‌ಟಾಪಿನ ಪರದೆ ಅಗಲಕ್ಕೆ 1,366 ಚುಕ್ಕಿ ಇದ್ದರೆ 4,000 ಚೌಕದ ಫೋಟೋ ಅದರೊಳಗೆ ಒಮ್ಮೆಗೇ ಹಿಡಿಸುವುದಿಲ್ಲ. ಪೂರ್ತಿ ತೋರಿಸಬೇಕಾದರೆ ಕಂಪ್ಯೂಟರ್ ಅದನ್ನು ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಗೆ ಇಳಿಸಿ ತೋರಿಸುತ್ತದೆ. ನಾವು ಮೊದಲು ನೋಡುವುದು ಹೀಗೆ ಇಳಿಸಿದ ನೋಟವನ್ನೇ. ಅದಕ್ಕೇ ಲೇಬಲ್ಲಿನ ಅಂಕಿಗಳು ಎಳ್ಳುಕಾಳಿನಷ್ಟಾಗಿ ನಮ್ಮ ಕಣ್ಣು ತಪ್ಪಿಸಿದ್ದು.

ಶೇ. 100 ಅಂದರೆ ಚಿತ್ರದ ಒಂದು ಚೌಕಕ್ಕೆ ಪರದೆಯ ಒಂದು ಚುಕ್ಕಿ. ಆಗ ಫೋಟೋದ ನಿಜವಾದ ಸ್ಥಿತಿ ತಿಳಿಯುತ್ತದೆ. ಫೋಟೋ ತೆಗೆಯುವಾಗ ಕೈ ನಡುಗಿದ್ದರೆ, ಮುಖ ಮಸುಕಾಗಿದ್ದರೆ, ಶೇ. 100ರಲ್ಲಿ ಬಯಲಾಗುತ್ತದೆ. ಶೇ. 800ಕ್ಕೆ ಹೋದರೆ ಚೌಕಗಳೇ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಎಂಥ ಒಳ್ಳೆಯ ಫೋಟೋ ಆದರೂ ಹಾಗೆಯೇ ಕಾಣುವುದು, "ಹಾಳಾಯ್ತು" ಅಂತ ತಿಳಿಯಬೇಡಿ.

ಹತ್ತಿರದಿಂದ ನೋಡುವಾಗ ಚಿತ್ರದ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗಲು ಕಿಟಕಿಯ ಬಲಗಡೆ ಮತ್ತು ಕೆಳಗಡೆ ಇರುವ ಉದ್ದದ ಪಟ್ಟಿಗಳನ್ನು ಎಳೆಯಬಹುದು. ಇನ್ನೂ ಸುಲಭ ಅಂದರೆ ಸ್ಪೇಸ್ ಕೀಲಿ, ಅಂದರೆ ಅಕ್ಷರಗಳ ಕೆಳಗಿನ ಉದ್ದನೆಯ ಕೀಲಿಯನ್ನು ಒತ್ತಿ ಹಿಡಿದು ಮೌಸ್ ಸರಿಸುವುದು. ಮೇಜಿನ ಮೇಲೆ ಹಾಸಿದ ಬಟ್ಟೆಯನ್ನು ಕೈಯಿಂದ ಎಳೆದ ಹಾಗೆ ಚಿತ್ರ ಸರಿಯುತ್ತದೆ.

ಒಂದು ಉಪಾಯ ಹೇಳುತ್ತೇನೆ. ವ್ಯೂ ಪಟ್ಟಿಯಲ್ಲಿ ನ್ಯೂ ವ್ಯೂ ಅಂತ ಇದೆ. ಅದನ್ನು ಒತ್ತಿದರೆ ಅದೇ ಚಿತ್ರಕ್ಕೆ ಇನ್ನೊಂದು ನೋಟ ತೆರೆಯುತ್ತದೆ. ಒಂದರಲ್ಲಿ ಹತ್ತಿರದಿಂದ ಕಲೆ ತಿದ್ದಿ, ಇನ್ನೊಂದರಲ್ಲಿ ಇಡೀ ಚಿತ್ರ ಹೇಗೆ ಕಾಣುತ್ತದೆ ಅಂತ ನೋಡಿಕೊಳ್ಳಬಹುದು. ಸೀರೆಗೆ ಕುಚ್ಚು ಕಟ್ಟುವಾಗ ನೀವು ಮಾಡುವುದೂ ಇದನ್ನೇ. ಗಂಟು ಹಾಕುವಾಗ ಕಣ್ಣಿನ ಹತ್ತಿರ ಹಿಡಿಯುತ್ತೀರಿ, ಆಮೇಲೆ ಸೆರಗು ಬಿಡಿಸಿ ದೂರ ಹಿಡಿದು ನೋಡುತ್ತೀರಿ.

ಚಿತ್ರ ಬದಲಾಗಿದೆಯೋ ಇಲ್ಲವೋ, ತಿಳಿಯುವುದು ಹೇಗೆ?

ಕಿಟಕಿಯ ನೆತ್ತಿಯ ಮೇಲೆ ಫೋಟೋದ ಹೆಸರು ಇರುತ್ತದೆ. ಚಿತ್ರದಲ್ಲಿ ನಿಜವಾಗಿ ಏನಾದರೂ ಬದಲಾದರೆ ಆ ಹೆಸರಿನ ಮುಂದೆ ಒಂದು ಪುಟ್ಟ ನಕ್ಷತ್ರದ ಗುರುತು ಬರುತ್ತದೆ. ಈಗಷ್ಟೇ ತೆರೆದ ಫೋಟೋವನ್ನು ಹತ್ತು ಸಲ ಜೂಮ್ ಮಾಡಿ ನೋಡಿ, ನಕ್ಷತ್ರ ಬರುವುದಿಲ್ಲ. ಯಾಕೆಂದರೆ ನೀವು ಚಿತ್ರವನ್ನು ಮುಟ್ಟಿಯೇ ಇಲ್ಲ, ನೋಡಿದ್ದೀರಿ ಅಷ್ಟೇ. ನಕ್ಷತ್ರ ಕಂಡರೆ ಮಾತ್ರ ನಿಂತು ಯೋಚಿಸಿ. ಬೇಡದ ಬದಲಾವಣೆ ಆಗಿದ್ದರೆ ಕಂಟ್ರೋಲ್ ಹಿಡಿದು ಝೆಡ್ ಒತ್ತಿ, ಹಿಂದಿನ ಸ್ಥಿತಿಗೆ ಬರುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇನ್ನೊಂದು ಸಂಘದ ಸಹೋದರಿಯೊಬ್ಬರು ತೀರಿಹೋದ ತಮ್ಮ ಯಜಮಾನರ ಒಂದೇ ಒಂದು ಒಳ್ಳೆಯ ಫೋಟೋವನ್ನು ಸ್ಕ್ಯಾನ್ ಮಾಡಿಸಿ ಇಟ್ಟುಕೊಂಡಿದ್ದರು. ಅಗಲ 1,500 ಪಿಕ್ಸೆಲ್ ಇತ್ತು. ಕಾಗದದ ಫೋಟೋ ಮಳೆಗಾಲದಲ್ಲಿ ಸೋರಿದ ಮನೆಯಲ್ಲಿ ನೆನೆದು ಹಾಳಾಗಿತ್ತು. ತರಬೇತಿಗೆ ಬಂದಾಗ ಆ ಫೋಟೋ ತೆರೆದರು. ಪರದೆಯಲ್ಲಿ ಮುಖ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಪೂರ್ತಿ ಕಾಣಲಿ ಅಂತ ಇಮೇಜ್ ಪಟ್ಟಿಗೆ ಹೋಗಿ, ಸ್ಕೇಲ್ ಇಮೇಜ್ ಒತ್ತಿ, ಅಗಲ 200 ಅಂತ ಬರೆದರು. ಫೋಟೋ ಚಿಕ್ಕದಾಯಿತು, ಪೂರ್ತಿ ಕಂಡಿತು, ಖುಷಿಯಾಯಿತು. ಅದೇ ಹೆಸರಿನಲ್ಲಿ ಎಕ್ಸ್‌ಪೋರ್ಟ್ ಮಾಡಿ ಮುಚ್ಚಿದರು. ಹಳೆಯದರ ಮೇಲೆ ಬರೆಯಲೇ ಅಂತ ಕಂಪ್ಯೂಟರ್ ಕೇಳಿದ್ದಕ್ಕೆ ಹೂಂ ಅಂದರು.

ಮರುವಾರ ಆ ಫೋಟೋವನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಲು ಹೊರಟಾಗ ಮುಖವೆಲ್ಲ ಮಂಜು ಮುಸುಕಿದ ಹಾಗಿತ್ತು. ಕಳೆದುಹೋದ 1,300 ಸಾಲುಗಳನ್ನು ಯಾವ ತಂತ್ರಾಂಶವೂ ವಾಪಸ್ ಕೊಡಲಾರದು. ಈಗಿನ ಕೆಲವು ತಂತ್ರಾಂಶಗಳು ಊಹೆ ಮಾಡಿ ಮುಖ ತುಂಬಿಸುತ್ತವೆ, ಆದರೆ ಅದು ಅವರ ಯಜಮಾನರ ಮುಖ ಆಗುವುದಿಲ್ಲ, ಅವರ ಹಾಗೆ ಕಾಣುವ ಇನ್ಯಾರದೋ ಮುಖ. ಆ 200 ಚೌಕದ ಫೋಟೋ ಸ್ಪಷ್ಟವಾಗಿ ಬರುವುದು ಅಂಚೆಚೀಟಿಯಷ್ಟು ಅಳತೆಗೆ ಮಾತ್ರ. ಹಾಗೇ ಪ್ರಿಂಟ್ ಹಾಕಿಸಿ, ಬ್ಯಾಂಕ್ ಪಾಸ್‌ಬುಕ್ಕಿನ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಅವರಿಗೆ ಬೇಕಾಗಿದ್ದದ್ದು ಶಿಫ್ಟ್, ಕಂಟ್ರೋಲ್, ಜೆ ಎಂಬ ಮೂರು ಕೀಲಿಗಳು ಅಷ್ಟೇ.

ಆದ್ದರಿಂದ ಒಂದು ನಿಯಮ. ಯಾವುದೇ ಫೋಟೋವನ್ನು ತಿದ್ದುವ ಮೊದಲು ಅದರ ಪ್ರತಿ ತೆಗೆದು ಬೇರೆ ಹೆಸರು ಕೊಡಿ. ಮೂಲ ಫೋಟೋವನ್ನು ಬೀಜದ ಭತ್ತದ ಹಾಗೆ ಬೇರೆ ಕಡೆ ಎತ್ತಿಡಿ. ಗಿಂಪ್‌ನಲ್ಲಿ ಸೇವ್ ಒತ್ತಿದರೆ ಅದು ತನ್ನದೇ ಬಗೆಯ, ಎಕ್ಸ್‌ಸಿಎಫ್ ಎಂಬ ಬೇರೆ ಕಡತವನ್ನು ಉಳಿಸುತ್ತದೆ, ಮೂಲ ಫೋಟೋಗೆ ಏನೂ ಆಗುವುದಿಲ್ಲ. ಅದೇ ಹೆಸರಿಗೆ ಎಕ್ಸ್‌ಪೋರ್ಟ್ ಮಾಡಿದಾಗ, ಅಥವಾ ಓವರ್‌ರೈಟ್ ಎಂಬುದನ್ನು ಒತ್ತಿದಾಗ ಮಾತ್ರ ಹಳೆಯದು ಅಳಿಸಿಹೋಗುತ್ತದೆ.

ಪ್ರಿಂಟಿಗೆ ಎಷ್ಟು ಬೇಕು?

"ಪರದೆ ಮೇಲೆ ದೊಡ್ಡದಾಗಿ ಕಾಣ್ತಿದೆಯಲ್ಲ ಸಿಸ್ಟರ್, ಪ್ರಿಂಟೂ ದೊಡ್ಡದಾಗಿ ಬರುತ್ತಾ?" ಎಂದು ಕೇಳುತ್ತೀರಿ. ಬರುವುದಿಲ್ಲ. ಜೂಮ್ ಎಷ್ಟೇ ಇರಲಿ, ಪ್ರಿಂಟಿಗೆ ಅದರ ಸಂಬಂಧವಿಲ್ಲ. ಪ್ರಿಂಟಿಗೆ ಬೇಕಾದದ್ದು ಚೌಕಗಳ ಲೆಕ್ಕ.

ಕೈಯಲ್ಲಿ ಹಿಡಿದು ಓದುವ ಲೇಬಲ್, ಫೋಟೋ, ಕರಪತ್ರ ಇವಕ್ಕೆ ಒಂದು ಇಂಚಿಗೆ 300 ಚೌಕ ಇದ್ದರೆ ಚೆನ್ನಾಗಿ ಬರುತ್ತದೆ. 3 ಇಂಚು ಅಗಲ, 2 ಇಂಚು ಎತ್ತರದ ಲೇಬಲ್ಲಿಗೆ 900 ಅಗಲ, 600 ಎತ್ತರ ಬೇಕು. 6 ಇಂಚು, 4 ಇಂಚಿನ ಫೋಟೋಗೆ 1,800 ಮತ್ತು 1,200. ನಿಮ್ಮ ಚಿತ್ರದಲ್ಲಿ ಎಷ್ಟಿದೆ ಅಂತ ನೋಡಲು ಇಮೇಜ್ ಪಟ್ಟಿಯ ಕೊನೆಯ ಕಡೆ ಇರುವ ಇಮೇಜ್ ಪ್ರಾಪರ್ಟೀಸ್ ತೆರೆಯಿರಿ. ಅಗಲದ ಪಿಕ್ಸೆಲ್ಲನ್ನು 300ರಿಂದ ಭಾಗಿಸಿದರೆ ಎಷ್ಟು ಇಂಚಿಗೆ ಧೈರ್ಯವಾಗಿ ಪ್ರಿಂಟ್ ಹಾಕಬಹುದು ಅಂತ ತಿಳಿಯುತ್ತದೆ. ದೂರದಿಂದ ನೋಡುವ ಬ್ಯಾನರಿಗೆ ಇಂಚಿಗೆ ಇಷ್ಟೊಂದು ಬೇಡ.

ಇನ್ನೊಂದು ಮಾತು. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಚೌಕಗಳನ್ನು ಕಡಿಮೆ ಮಾಡಿ ಹಗುರ ಮಾಡಿ ಕಳಿಸುತ್ತದೆ. ಮುದ್ರಣಕ್ಕೆ ಕೊಡುವ ಚಿತ್ರವನ್ನು ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ, ಇದ್ದದ್ದು ಇದ್ದ ಹಾಗೆ ತಲುಪುತ್ತದೆ. ಹಾಗೆಯೇ ಜೂಮ್ ಮಾಡಿದ ಪರದೆಯ ಸ್ಕ್ರೀನ್‌ಶಾಟ್ ತೆಗೆದು "ದೊಡ್ಡ ಫೋಟೋ" ಅಂತ ಪ್ರಿಂಟಿಗೆ ಕೊಡಬೇಡಿ. ಅದು ಪರದೆಯ ಚಿತ್ರವೇ ಹೊರತು ಫೋಟೋದ ಚಿತ್ರ ಅಲ್ಲ.

ಮುದ್ರಣಕ್ಕೆ ಕೊಡುವ ಮೊದಲು

ಆ ಸಾವಿರ ಸ್ಟಿಕ್ಕರ್ ದಂಡವಾದ ಮೇಲೆ ಉಪ್ಪಿನಕಾಯಿ ಸಂಘದವರು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ನೀವೂ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬಹುದು.

• ಲೇಬಲ್ ಮಾಡಿದವಳು ಮತ್ತು ಮಾಡದ ಇಬ್ಬರು, ಒಟ್ಟು ಮೂವರು ನೋಡಬೇಕು. ಮಾಡಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದು ಕಷ್ಟ.

• ಶೇ. 200ಕ್ಕೆ ಇಟ್ಟು, ಎಡ ಮೇಲ್ಮೂಲೆಯಿಂದ ಶುರುಮಾಡಿ ಸಾಲು ಸಾಲಾಗಿ ನೋಡುತ್ತಾ ಬರಬೇಕು.

• ಒಬ್ಬರು ಪರದೆಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ಕಾಗದ ಕೈಯಲ್ಲಿ ಹಿಡಿದು ತಾಳೆ ನೋಡಬೇಕು. ಎಫ್‌ಎಸ್‌ಎಸ್‌ಎಐ ಸಂಖ್ಯೆಯ 14 ಅಂಕಿಗಳನ್ನು ಬೆರಳಿಟ್ಟು ಎಣಿಸಬೇಕು. ತೂಕ, ಬೆಲೆ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ಸಂಘದ ವಿಳಾಸ, ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು ಎಲ್ಲವನ್ನೂ ನೋಡಬೇಕು.

• ಕನ್ನಡ ಅಕ್ಷರಗಳ ಒತ್ತು, ದೀರ್ಘ, ಸೊನ್ನೆಗಳನ್ನು ಶೇ. 400ರಲ್ಲಿ ನೋಡಬೇಕು. ಅಕ್ಷರ ಒಂದರ ಮೇಲೊಂದು ಕೂತಿದ್ದರೆ ಆಗ ತಿಳಿಯುತ್ತದೆ.

• ಕೊನೆಗೆ ಶಿಫ್ಟ್, ಕಂಟ್ರೋಲ್, ಜೆ ಒತ್ತಿ ಇಡೀ ಲೇಬಲ್ ನೋಡಬೇಕು.

• ಮೊದಲು ಒಂದೇ ಪ್ರತಿ ಪ್ರಿಂಟ್ ತೆಗೆಸಿ ಬಾಟಲಿಗೆ ಅಂಟಿಸಿ ನೋಡಬೇಕು. ಮೂವರೂ ಸಹಿ ಹಾಕಿದ ಮೇಲೆಯೇ ಉಳಿದದ್ದು.

ಇಷ್ಟಕ್ಕೆ ಅರ್ಧ ಗಂಟೆ ಸಾಕು. ಆ ಹುಡುಗಿ ಈಗಲೂ ಲೇಬಲ್ ಕೆಲಸ ಮಾಡುತ್ತಾಳೆ. 13 ಅಂಕಿ ಅಂತ ಹಿಡಿದುಕೊಟ್ಟ ಹಿರಿಯ ಸದಸ್ಯೆಗೆ ಕಂಪ್ಯೂಟರ್ ಬರುವುದಿಲ್ಲ, ಆದರೆ ಪ್ರತಿ ಸಲವೂ ಮೊದಲ ಸಹಿ ಅವರದೇ. "ಇನ್ನೂ ಸ್ವಲ್ಪ ಹತ್ತಿರ ತಗೊಂಡು ಬಾ ಮಗಳೇ" ಅನ್ನುತ್ತಾ ಪಕ್ಕದಲ್ಲಿ ಕೂರುತ್ತಾರೆ.

ಯೇಸುಸ್ವಾಮಿ ಹೇಳಿದ ಒಂದು ಸಾಮತಿಯಲ್ಲಿ, ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕುತ್ತಾಳೆ. ಒಂಬತ್ತು ಇವೆಯಲ್ಲ ಅಂತ ಸುಮ್ಮನೆ ಕೂರುವುದಿಲ್ಲ. ಹದಿಮೂರು ಅಂಕಿ ಇವೆಯಲ್ಲ ಅಂತ ನಾವೂ ಸುಮ್ಮನಿರುವ ಹಾಗಿಲ್ಲ.

ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘದಿಂದ ಒಂದು ಲೇಬಲ್ ಅಥವಾ ಒಂದು ಹಳೆಯ ಫೋಟೋ ಪೆನ್‌ಡ್ರೈವಿನಲ್ಲಿ ತನ್ನಿ. ಪ್ರತಿ ತೆಗೆದು ಎತ್ತಿಟ್ಟ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಮೌಸ್ ಹಿಡಿದು ದೊಡ್ಡದು, ಚಿಕ್ಕದು ಮಾಡಿ ನೋಡೋಣ. ಕನ್ನಡಕ ಇರುವವರು ಮರೆಯದೆ ಕನ್ನಡಕ ತನ್ನಿ.

ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.